ಹೆದ್ದಾರಿ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಗೆ ಒಂದು ಮಲ್ಟಿಮೀಟರ್: ಪ್ರಕರಣ ಅಧ್ಯಯನ

ಹಿರಿಯೂರಿನ ಹತ್ತಿರ, ರಾಷ್ಟ್ರೀಯ ಹೆದ್ದಾರಿ 48ರ ಸರ್ವೀಸ್ ರಸ್ತೆಯಲ್ಲಿ ಒಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಸೆಲ್ಫ್ ಮೋಟರ್, ಡೈನಮೋ (ಓಡುವ ಇಂಜಿನ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಅಂಗಡಿಯ ಹೆಸರು), ವೈರಿಂಗ್, ಬ್ಯಾಟರಿ, ಹಾರ್ನ್, ಲೈಟು ಎಲ್ಲ ಕೆಲಸವೂ ಅಲ್ಲಿ ಆಗುತ್ತೆ. ಬೆಳಿಗ್ಗೆ ಕಾರು ಬಂದರೆ ಮಧ್ಯಾಹ್ನ ಟ್ರ್ಯಾಕ್ಟರ್, ರಾತ್ರಿ ಲಾರಿ. ಈಚೆಗೆ ಎಲೆಕ್ಟ್ರಿಕ್ ಆಟೋಗಳೂ ಬರತೊಡಗಿವೆ. ಮಾಲೀಕರು ಈ ಕಸುಬಿನಲ್ಲಿ ಪಳಗಿದವರು. ಅವರ ಜೊತೆ ಇರುವ ಹುಡುಗ ಐಟಿಐನಲ್ಲಿ ನನ್ನ ಹತ್ತಿರ ಮೋಟರ್ ಮೆಕ್ಯಾನಿಕ್ ಕಲಿತವನು. ಹಾಗಾಗಿ ಬಗೆಹರಿಯದ ಕೇಸು ಬಂದಾಗ ನನಗೆ ಫೋನ್ ಮಾಡುತ್ತಾರೆ.

ಈ ಪ್ರಕರಣ ಒಂದು ಪಿಕಪ್ ಗಾಡಿಯಿಂದ ಶುರುವಾಯಿತು. ಮುಗಿದಿದ್ದು ಹೊಸ ಮಲ್ಟಿಮೀಟರ್, ಅಂದರೆ ವೋಲ್ಟ್, ಓಮ್, ಆಂಪ್ ಅಳೆಯುವ ಕೈಮೀಟರ್ ಕೊಳ್ಳುವುದರಲ್ಲಿ. ಕಡಿಮೆ ದುಡ್ಡಿಗೆ ಗಾಡಿ ಕೆಲಸದ ಮೀಟರ್ ಹುಡುಕುವವರಿಗೆ ಉಪಯೋಗ ಆಗಬಹುದು ಅಂತ ಪೂರ್ತಿ ವಿವರ ಬರೆಯುತ್ತಿದ್ದೇನೆ.

ಮೀಟರ್ ಹೇಳಿದ ಸುಳ್ಳು

ಪಿಕಪ್ ಬಂದಿದ್ದು ಸಾಮಾನ್ಯ ಸರ್ವೀಸಿಗೆ. ಹುಡುಗ ಅಭ್ಯಾಸಬಲದಿಂದ ಚಾರ್ಜಿಂಗ್ ನೋಡಿದ. ಮೀಟರ್ 15.5 ವೋಲ್ಟ್ ತೋರಿಸಿತು. 12 ವೋಲ್ಟ್ ಗಾಡಿಯಲ್ಲಿ ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರಬೇಕು. 15.5 ಅಂದರೆ ಬ್ಯಾಟರಿ ನೀರು ಕುದಿಯುತ್ತೆ, ಬಲ್ಬುಗಳು ಬೇಗ ಹೋಗುತ್ತವೆ. ಸರಿ, ಚಾರ್ಜಿಂಗ್ ವೋಲ್ಟ್ ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ ಅಂತ ಹೊಸದು ಹಾಕಿದರು. ಮತ್ತೆ ನೋಡಿದರೆ ಅಷ್ಟೇ ಇದೆ. ಪಾರ್ಟೇ ಸರಿಯಿಲ್ಲ ಅಂತ ಇನ್ನೊಂದು ತಂದರು. ಅದರಲ್ಲೂ 15.5. ಆಮೇಲೆ ಅರ್ಥ್ ವೈರ್ ಬದಲಾಯಿಸಿದರು, ಆಲ್ಟರ್ನೇಟರ್ ಬಿಚ್ಚಿದರು. ಗಾಡಿ ಮಾಲೀಕನಿಗೆ ಒಂದು ದಿನದ ಬಾಡಿಗೆ ಹೋಯಿತು.

"ಮೇಷ್ಟ್ರೇ, ಡೈನಮೋ ಹೊಸದೇ ಹಾಕಬೇಕಾ?" ಅಂತ ಫೋನ್ ಬಂತು. ನಾನು ಒಂದೇ ಪ್ರಶ್ನೆ ಕೇಳಿದೆ: "ರಾತ್ರಿ ಪೂರ್ತಿ ನಿಂತ ಬ್ಯಾಟರಿ, ಸ್ಟಾರ್ಟ್ ಮಾಡೋ ಮುಂಚೆ ಎಷ್ಟಿತ್ತಣ್ಣ?" ಅವರು 13.9 ಅಂದರು.

ಉತ್ತರ ಅಲ್ಲೇ ಇತ್ತು. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ರಾತ್ರಿಯೆಲ್ಲಾ ಸುಮ್ಮನೆ ನಿಂತಿದ್ದರೆ 12.6, ಜಾಸ್ತಿ ಅಂದರೆ 12.8 ವೋಲ್ಟ್. 13.9 ಸಾಧ್ಯವೇ ಇಲ್ಲ. ಅಂದರೆ ಮೀಟರ್ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಹೇಳುತ್ತಿತ್ತು. ಆ ಲೆಕ್ಕದಲ್ಲಿ 15.5 ಅಂದರೆ ನಿಜವಾಗಿ 14 ಚಿಲ್ಲರೆ. ಚಾರ್ಜಿಂಗ್ ಮೊದಲಿಂದಲೂ ಸರಿಯಾಗಿಯೇ ಇತ್ತು.

ಅವರ ಹತ್ತಿರ ಇದ್ದಿದ್ದು ಎಲ್ಲರಿಗೂ ಗೊತ್ತಿರುವ ಆ ಹಳದಿ ಮೀಟರ್. ಇನ್ನೂರು ಮುನ್ನೂರು ರೂಪಾಯಿಗೆ ಎಲ್ಲಾ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತೆ. ಒಳಗಿದ್ದ 9 ವೋಲ್ಟ್ ಬ್ಯಾಟರಿ ಇಳಿದುಹೋಗಿತ್ತು. ಇಂಥ ಮೀಟರ್‌ಗಳ ಗುಣವೇ ಹಾಗೆ. ಹೊರಗಿನ ವೋಲ್ಟೇಜನ್ನು ತನ್ನೊಳಗಿನ ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ ಸಂಖ್ಯೆ ತೋರಿಸುತ್ತೆ. ಬ್ಯಾಟರಿ ಇಳಿದಾಗ ಒಳಗಿನ ಆ ವೋಲ್ಟೇಜೂ ಕುಸಿಯುತ್ತೆ. ಅಳೆಯುವ ಕೋಲೇ ಗಿಡ್ಡ ಆದರೆ ಬಟ್ಟೆ ಉದ್ದ ಕಾಣುತ್ತೆ, ಅಲ್ವಾ? ಇದೂ ಅಷ್ಟೇ. ಪರದೆಯ ಮೇಲಿನ ಅಂಕಿ ಮಂಕಾಗುವ ಮುಂಚೆಯೇ ಸುಳ್ಳು ಶುರುವಾಗುತ್ತೆ. ಬ್ಯಾಟರಿ ಕಡಿಮೆ ಆಗಿದೆ ಅಂತ ಎಚ್ಚರಿಸುವ ಗುರುತು ಆ ಮೀಟರ್‌ನಲ್ಲಿ ಇರಲೇ ಇಲ್ಲ.

ಎರಡು ರೆಗ್ಯುಲೇಟರ್, ಒಂದು ದಿನದ ಕೂಲಿ, ಗಿರಾಕಿಯ ಬೇಸರ. ಆ ದುಡ್ಡಿನಲ್ಲಿ ಒಳ್ಳೆಯ ಮೀಟರೇ ಬರುತ್ತಿತ್ತು. ಮಾಲೀಕರು ಅವತ್ತೇ ತೀರ್ಮಾನ ಮಾಡಿದರು. "ಆಯುಧ ಪೂಜೆಗೆ ಮುಂಚೆ ಹೊಸ ಮೀಟರ್ ತರೋಣ. ಮೂರು ಸಾವಿರ ಇಟ್ಟಿದೀನಿ. ಯಾವ ಕಂಪನಿ ತಗೊಳ್ಳಿ ಅಂತ ಹೇಳಿ ಮೇಷ್ಟ್ರೇ."

ಕಂಪನಿ ಆಮೇಲೆ, ಕೆಲಸ ಮೊದಲು

ಯಾವ ಕಂಪನಿ ಅನ್ನುವ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಅಂಗಡಿಯಲ್ಲಿ ನಿಜವಾಗಿ ಯಾವ ಯಾವ ಕೆಲಸ ಬರುತ್ತೆ ಅಂತ ಬಿಲ್ ಪುಸ್ತಕ ತೆಗೆದು ನೋಡಿ ಅಂದೆ. ಹುಡುಗ ಕೂತು ಬರೆದ. ಸೆಲ್ಫ್ ಎಳೆಯುತ್ತಿಲ್ಲ, ಚಾರ್ಜ್ ಆಗುತ್ತಿಲ್ಲ, ಬ್ಯಾಟರಿ ರಾತ್ರೋರಾತ್ರಿ ಡೌನ್, ಲೈಟ್ ಮಂಕು, ಹಾರ್ನ್ ಬರುತ್ತಿಲ್ಲ, ರಿಲೇ ಕೆಲಸ ಮಾಡುತ್ತಿಲ್ಲ. ಜೊತೆಗೆ ಬಿಎಸ್6 ಬೈಕುಗಳ ಸೆನ್ಸರ್ ತಕರಾರು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ಸಣ್ಣ ಬೈಕಿಗೂ ಫ್ಯೂಯಲ್ ಇಂಜೆಕ್ಷನ್ ಬಂತು, ಅದರೊಟ್ಟಿಗೆ 5 ವೋಲ್ಟಿನ ಸೆನ್ಸರ್‌ಗಳೂ ಬಂದವು.

ಪಟ್ಟಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತೆ. ಬಹುಪಾಲು ಕೆಲಸ ಡಿಸಿ ವೋಲ್ಟ್‌ದು. ಅದರಲ್ಲೂ ಸಣ್ಣ ಸಣ್ಣ ವೋಲ್ಟ್‌ಗಳದು. ಓಮ್, ವೈರ್ ತುಂಡಾಗಿಲ್ಲ ಅಂತ ಕೂಗಿ ಹೇಳುವ ಬೀಪ್ ಎರಡನೇ ಸಾಲು. ಆಂಪಿಯರ್ ಅಪರೂಪ, ಆದರೆ ಬೇಕಾದಾಗ ಬೇಕೇ ಬೇಕು. ಟ್ರಾನ್ಸಿಸ್ಟರ್ ನೋಡುವ ತೂತು, 750 ವೋಲ್ಟ್ ಎಸಿ, ಗೋಡೆಯೊಳಗಿನ ಕರೆಂಟ್ ಕಂಡುಹಿಡಿಯುವ ದೀಪ ಇವೆಲ್ಲ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವ ವಿಷಯ. ಈ ಅಂಗಡಿಗೆ ಅವುಗಳಿಂದ ಐದು ಪೈಸೆ ಲಾಭ ಇಲ್ಲ. ಟ್ರೂ ಆರ್‌ಎಂಎಸ್ (ಅಂಕುಡೊಂಕಾದ ಎಸಿಯನ್ನೂ ಸರಿಯಾಗಿ ಅಳೆಯುವ ಗುಣ) ಅಂತ ಬರೆದರೆ ಬೆಲೆ ಏರುತ್ತೆ. ಆದರೆ ಬ್ಯಾಟರಿಯ ಡಿಸಿ ಅಳೆಯುವವನಿಗೆ ಅದರಿಂದ ವ್ಯತ್ಯಾಸವೇ ಆಗುವುದಿಲ್ಲ.

ಸೆಲ್ಫ್ ಎಳೆಯದ ಕೇಸು ಸ್ವಲ್ಪ ಬಿಡಿಸಿ ಹೇಳಬೇಕು. ಮೀಟರ್ ಆಯ್ಕೆಯ ಅರ್ಧ ತೀರ್ಮಾನ ಅದರಲ್ಲೇ ಇದೆ. ಬಹಳ ಜನ ದಪ್ಪ ಕೇಬಲ್ ಸರಿಯಿದೆಯಾ ಅಂತ ಓಮ್‌ನಲ್ಲಿ ನೋಡುತ್ತಾರೆ. ಮೀಟರ್ ಬೀಪ್ ಅನ್ನುತ್ತೆ, ಕೇಬಲ್ ಓಕೆ ಅಂತ ಮುಂದೆ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ. ಸೆಲ್ಫ್ 200 ಆಂಪ್ ಎಳೆಯುತ್ತೆ ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು 0.0025 ಓಮ್ ಅಡ್ಡ ಬಂದರೂ ಅರ್ಧ ವೋಲ್ಟ್ ಅಲ್ಲೇ ಖರ್ಚು. ಹಳದಿ ಮೀಟರ್ ತೋರಿಸುವ ಅತಿ ಸಣ್ಣ ಓಮ್ 0.1. ಅದರ ಲೀಡ್ ವೈರುಗಳ ಓಮ್ ಅದಕ್ಕಿಂತ ಜಾಸ್ತಿ! ಎಷ್ಟೇ ದುಬಾರಿ ಕೈಮೀಟರ್ ತಂದರೂ ಓಮ್ ಅಳೆದು ಈ ತೊಂದರೆ ಸಿಗುವುದಿಲ್ಲ. ಸೆಲ್ಫ್ ಹೊಡೆಯುವಾಗ ಕೇಬಲ್‌ನ ಎರಡು ತುದಿಗೆ ಮೀಟರ್ ಇಟ್ಟು ಎಷ್ಟು ವೋಲ್ಟ್ ಬೀಳುತ್ತೆ ಅಂತ ನೋಡುವುದೇ ದಾರಿ. ಅರ್ಥ್ ಕಡೆ 0.2 ವೋಲ್ಟ್ ದಾಟಿದರೆ ಅನುಮಾನ ಪಡಬೇಕು.

ಅಂದಮೇಲೆ ನಮಗೆ ಬೇಕಾದ ಮೊದಲ ಗುಣ ಸಣ್ಣ ಡಿಸಿ ವೋಲ್ಟನ್ನು ನಂಬಿಕೆಯಿಂದ ತೋರಿಸುವುದು. ಎರಡನೆಯದು ಅತಿ ಕಡಿಮೆ, ಅತಿ ಹೆಚ್ಚು ಬಂದ ಸಂಖ್ಯೆಯನ್ನು ನೆನಪಿಡುವ ಮಿನ್/ಮ್ಯಾಕ್ಸ್ ಬಟನ್. ಹುಡುಗ ರಾತ್ರಿ ಒಬ್ಬನೇ ಇರುತ್ತಾನೆ. ಲಾರಿ ಕ್ಯಾಬಿನ್‌ನಲ್ಲಿ ಕೂತು ಕೀ ತಿರುಗಿಸಿದರೆ ಕೆಳಗೆ ಮೀಟರ್ ನೋಡುವವರು ಯಾರು? ಕ್ರೊಕಡೈಲ್ ಕ್ಲಿಪ್ ಹಾಕಿ, ಮಿನ್/ಮ್ಯಾಕ್ಸ್ ಒತ್ತಿ, ಮೇಲೆ ಹೋಗಿ ಸೆಲ್ಫ್ ಹೊಡೆದು ಬಂದರೆ ಸಂಖ್ಯೆ ಪರದೆಯಲ್ಲಿ ಕಾಯುತ್ತಿರುತ್ತೆ. ಸಾಮಾನ್ಯ ಮೀಟರ್ ಸೆಕೆಂಡಿಗೆ ಮೂರು ಸಲ ಮಾತ್ರ ಅಳೆಯುತ್ತೆ. ಕ್ಷಣಾರ್ಧದ ಏರಿಳಿತ ಹಿಡಿಯುವುದು ಅದಕ್ಕೆ ಆಗದು. ಮೂರು ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಯುವುದಕ್ಕೆ ಅಷ್ಟು ಸಾಕು.

2000, 4000, 6000

ಡಬ್ಬಿಯ ಮೇಲೆ ಬರೆದಿರುವ ಕೌಂಟ್ ಅನ್ನುವ ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಮಾರುವವರು ಹೇಳುತ್ತಾರೆ. ಎಷ್ಟು ಬೇಕು ಅನ್ನುವುದು ಯಾವ ಗಾಡಿ ಬರುತ್ತೆ ಅನ್ನುವುದರ ಮೇಲಿದೆ. 2000 ಕೌಂಟಿನ ಮೀಟರ್ ಒಂದು ರೇಂಜಿನಲ್ಲಿ 19.99ರವರೆಗೆ ತೋರಿಸುತ್ತೆ. 12 ವೋಲ್ಟ್ ಕಾರು, ಬೈಕು, ಟ್ರ್ಯಾಕ್ಟರ್‌ಗೆ ಇದು ಸಾಕು, 14.35 ಅಂತ ಎರಡು ದಶಮಾಂಶ ಸಿಗುತ್ತೆ. ಲಾರಿ ಬಂದರೆ? ಅದು 24 ವೋಲ್ಟ್, ಚಾರ್ಜಿಂಗ್ 28ರ ಆಸುಪಾಸು. 20 ವೋಲ್ಟ್ ದಾಟಿದ್ದರಿಂದ 200 ವೋಲ್ಟ್ ರೇಂಜಿಗೆ ಹೋಗಬೇಕು, ಒಂದು ದಶಮಾಂಶ ಕಳೆದುಹೋಗುತ್ತೆ. 4000 ಕೌಂಟ್ ಆದರೆ 39.99ರವರೆಗೆ, ಲಾರಿಗೂ ಸರಿ. ಎಲೆಕ್ಟ್ರಿಕ್ ಆಟೋ ಸಾಮಾನ್ಯವಾಗಿ 48 ವೋಲ್ಟ್‌ದು. ನಾಲ್ಕು ಲೆಡ್ ಆಸಿಡ್ ಬ್ಯಾಟರಿ ಸಾಲಾಗಿ ಇರುವ ಗಾಡಿಯಾದರೆ ಚಾರ್ಜ್ ಆಗುವಾಗ 55 ವೋಲ್ಟ್ ದಾಟುತ್ತೆ. ಅದನ್ನು ಎರಡು ದಶಮಾಂಶದಲ್ಲಿ ನೋಡಲು 6000 ಕೌಂಟ್ ಬೇಕು, 59.99ರವರೆಗೆ ಬರುತ್ತೆ.

ಬೈಕ್ ಮಾತ್ರ ನೋಡುವ ಅಂಗಡಿಯಾಗಿದ್ದರೆ 2000 ಕೌಂಟ್ ಸಾಕು ಅಂತಲೇ ಹೇಳುತ್ತಿದ್ದೆ. ಹೆದ್ದಾರಿ ಪಕ್ಕದ ಈ ಅಂಗಡಿಗೆ 6000 ಅಂತ ನಿರ್ಧಾರ ಆಯಿತು. ಅದಕ್ಕೂ ಮೇಲೆ ಹೋಗಬೇಕಾಗಿಲ್ಲ.

ದಶಮಾಂಶ ಕಂಡ ಮಾತ್ರಕ್ಕೆ ಅಷ್ಟು ನಿಖರ ಅಂತ ಅಲ್ಲ. ಮೀಟರ್ ಪುಸ್ತಕದಲ್ಲಿ ಅರ್ಧ ಪರ್ಸೆಂಟ್ ಜೊತೆಗೆ ಮೂರು ಅಂಕಿ ಅಂತ ಬರೆದಿದ್ದರೆ, 12.60 ಅಂದಾಗ ನಿಜ 12.51ರಿಂದ 12.69ರ ನಡುವೆ ಎಲ್ಲಾದರೂ ಇರಬಹುದು. ಬ್ಯಾಟರಿ ವಿಷಯದಲ್ಲಿ ಇದು ಸಣ್ಣದಲ್ಲ. ನಿಂತ ಬ್ಯಾಟರಿ 12.6 ಇದ್ದರೆ ಭರ್ತಿ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಹಾಗಾಗಿ ಒಂದೇ ಸಲ ನೋಡಿ ಬ್ಯಾಟರಿಗೆ ತೀರ್ಪು ಕೊಡಬೇಡ, ಲೋಡ್ ಹಾಕಿ ನೋಡು ಅಂತ ಹುಡುಗನಿಗೆ ಹೇಳಿದೆ.

ಫ್ಯೂಸ್ ಮತ್ತು ಕೆಂಪು ವೈರ್

ಹಳದಿ ಮೀಟರ್‌ನ 10 ಆಂಪ್ ತೂತಿನ ಪಕ್ಕ ಚಿಕ್ಕ ಅಕ್ಷರದಲ್ಲಿ ಅನ್‌ಫ್ಯೂಸ್ಡ್ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಯಾರೂ ಓದುವುದಿಲ್ಲ. ಅದರ ಅರ್ಥ ಒಳಗೆ ಫ್ಯೂಸ್ ಇಲ್ಲ, ಒಂದು ದಪ್ಪ ತಂತಿ ಮಾತ್ರ ಇದೆ ಅಂತ. ಗ್ಯಾರೇಜಿನಲ್ಲಿ ಆಗುವ ಅಪಘಾತ ಯಾವಾಗಲೂ ಒಂದೇ ತರಹದ್ದು. ಆಂಪ್ ನೋಡಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಾಯಿಸಲು ಮರೆಯುತ್ತಾರೆ. ಮುಂದಿನ ಕೆಲಸಕ್ಕೆ ನೇರ ಬ್ಯಾಟರಿಯ ಪ್ಲಸ್ ಮೈನಸ್‌ಗೆ ಮುಟ್ಟಿಸುತ್ತಾರೆ. ಅದು ಬ್ಯಾಟರಿ ಶಾರ್ಟ್ ಮಾಡಿದ ಹಾಗೆಯೇ. ಕಾರ್ ಬ್ಯಾಟರಿ ನೂರಾರು ಆಂಪ್ ಸುರಿಯುತ್ತೆ. ಲೀಡ್ ವೈರ್ ಕೈಯಲ್ಲೇ ಕರಗುತ್ತೆ. ಚಾರ್ಜ್ ಆಗುತ್ತಿರುವ ಬ್ಯಾಟರಿ ಮೇಲೆ ಹೈಡ್ರೋಜನ್ ಇರುತ್ತೆ, ಕಿಡಿ ಬಿದ್ದರೆ ಬ್ಯಾಟರಿಯೇ ಸಿಡಿಯಬಹುದು.

ಆದ್ದರಿಂದ 10 ಆಂಪ್ ತೂತಿಗೂ ಫ್ಯೂಸ್ ಇರಲೇಬೇಕು, ಅದು ಗಾಜಿನದಲ್ಲ, ಸೆರಾಮಿಕ್ ಆಗಿರಬೇಕು ಅಂತ ಷರತ್ತು ಹಾಕಿದೆ. ತೆಳ್ಳಗಿನ ಗಾಜಿನ ಫ್ಯೂಸ್ ಭಾರಿ ಕರೆಂಟ್ ಬಂದಾಗ ಸಿಡಿದು ಚೂರಾಗಬಹುದು. ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಒಳಗಿನ ಕಿಡಿಯನ್ನು ಅಲ್ಲೇ ಆರಿಸುತ್ತೆ. ಬದಲಿ ಫ್ಯೂಸ್ ಎಲ್ಲಿ ಸಿಗುತ್ತೆ ಅಂತಲೂ ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಒಂದು ದಿನ ಯಾರೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿಬಿಡುತ್ತಾರೆ.

ಫ್ಲೂಕ್ 101 ತಗೊಳ್ಳೋಣ ಅಂತ ಮಾಲೀಕರ ಸ್ನೇಹಿತರೊಬ್ಬರು ಸಲಹೆ ಕೊಟ್ಟಿದ್ದರು. ಚಿಕ್ಕ, ಗಟ್ಟಿ, ನಂಬಬಹುದಾದ ಮೀಟರ್. 6000 ಕೌಂಟ್ ಕೂಡ ಹೌದು. ಆದರೆ ಅದರಲ್ಲಿ ಆಂಪ್ ಅಳೆಯುವ ವ್ಯವಸ್ಥೆಯೇ ಇಲ್ಲ. ಮನೆ ವೈರಿಂಗ್ ಮಾಡುವವರಿಗೆ ಅದು ಕೊರತೆ ಅನ್ನಿಸದು. ಬ್ಯಾಟರಿ ಡೌನ್ ಕೇಸು ವಾರ ವಾರ ಬರುವ ಅಂಗಡಿಗೆ ಕೊರತೆಯೇ. ಅದೇ ಕಂಪನಿಯ 88ವಿ ಅಂತ ಗಾಡಿ ಕೆಲಸಕ್ಕೇ ಮಾಡಿದ ಮೀಟರ್ ಇದೆ. ಆರ್‌ಪಿಎಂ, ಇಂಜೆಕ್ಟರ್ ಪಲ್ಸ್ ಎಲ್ಲ ಅಳೆಯುತ್ತೆ. ಅದರ ಬೆಲೆಗೂ ನಮ್ಮ ಮೂರು ಸಾವಿರಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ವಿಷಯ ಇನ್‌ಪುಟ್ ರೆಸಿಸ್ಟೆನ್ಸ್, ಅಂದರೆ ವೋಲ್ಟ್ ಅಳೆಯುವಾಗ ಮೀಟರ್ ಒಡ್ಡುವ ತಡೆ. ಅದು ಜಾಸ್ತಿ ಇದ್ದಷ್ಟೂ ಮೀಟರ್ ಎಳೆಯುವ ಕರೆಂಟ್ ಕಡಿಮೆ. ಹಳದಿ ಮೀಟರ್‌ನದು 1 ಮೆಗಾಓಮ್. ಒಳ್ಳೆಯ ಮೀಟರ್‌ನದು 10 ಮೆಗಾಓಮ್. 0.1ರಿಂದ 0.9 ವೋಲ್ಟ್ ನಡುವೆ ಆಡುವ ಆಕ್ಸಿಜನ್ ಸೆನ್ಸರ್ ಅಳೆಯುವಾಗ ಮೀಟರೇ ಸಿಗ್ನಲ್ ಎಳೆದುಕೊಂಡರೆ ಸಂಖ್ಯೆ ತಪ್ಪುತ್ತೆ. ಹಾಗಾಗಿ 10 ಮೆಗಾಓಮ್ ಬೇಕು ಅಂತ ಬರೆದುಕೊಂಡೆವು.

ಅದರ ಬೆನ್ನಿಗೆ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಹೊಸ ಮೀಟರ್ ಬಂದ್ಮೇಲೆ ಟೆಸ್ಟ್ ಬಲ್ಬ್ ಬಿಸಾಕಬಹುದಾ ಸರ್?" ಬೇಡವೇ ಬೇಡ ಅಂದೆ. ಹತ್ತು ಎಳೆ ಇರುವ ವೈರಿನಲ್ಲಿ ಒಂಬತ್ತು ಕಡಿದು ಒಂದೇ ಉಳಿದಿದ್ದರೂ ಮೀಟರ್ 12.5 ತೋರಿಸುತ್ತೆ, ಯಾಕೆಂದರೆ ಅದು ಕರೆಂಟನ್ನೇ ಎಳೆಯುವುದಿಲ್ಲ. 21 ವ್ಯಾಟ್ ಬಲ್ಬ್ ಹಾಕಿದರೆ ಒಂದೂಮುಕ್ಕಾಲು ಆಂಪ್ ಎಳೆಯುತ್ತೆ, ಬಡ ವೈರಿನ ಬಣ್ಣ ಬಯಲಾಗುತ್ತೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಇಟ್ಟು ನೋಡಿದರೆ ಇನ್ನೂ ಚೆನ್ನ. ಆದರೆ ಇದು ಲೈಟು, ಹಾರ್ನು, ಫ್ಯಾನಿನ ವೈರಿಗೆ ಮಾತ್ರ. ಗಾಡಿಯ ಕಂಪ್ಯೂಟರ್ ಆದ ಇಸಿಯುಗೆ ಹೋಗುವ ಸಣ್ಣ ವೈರಿಗೆ ಬಲ್ಬ್ ಹಚ್ಚಿದರೆ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಟ್ಟುಹೋಗಬಹುದು. ಅಲ್ಲಿ ಮೀಟರೇ ಗತಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗೆ ಎರಡೂ ಬೇಡ.

ಎಸ್.ಪಿ. ರಸ್ತೆಯಲ್ಲಿ

ಆನ್‌ಲೈನ್‌ನಲ್ಲಿ ಐವತ್ತು ನೂರು ಕಡಿಮೆ ಇತ್ತು. ಆದರೂ ಕೈಯಲ್ಲಿ ಹಿಡಿದು ನೋಡಿ ತರೋಣ ಅಂತ ಬೆಂಗಳೂರಿಗೆ ಹೋದೆವು. ಎಸ್.ಪಿ. ರಸ್ತೆಯಲ್ಲಿ ಮೀಟರ್ ಮಾರುವ ಅಂಗಡಿಗಳು ಸಾಲಾಗಿವೆ. ಚೀಲದಲ್ಲಿ ಒಂದು ಬೈಕ್ ಬ್ಯಾಟರಿ, ಹೊಸ 9 ವೋಲ್ಟ್ ಬ್ಯಾಟರಿ ಹಾಕಿದ ಹಳದಿ ಮೀಟರ್, ಜೊತೆಗೆ ಐಟಿಐ ಲ್ಯಾಬಿನಲ್ಲಿ ಒಳ್ಳೆಯ ಮೀಟರ್‌ನಿಂದ ಅಳೆದು ಆ ಬ್ಯಾಟರಿಯ ಮೇಲೆ ಅಂಟಿಸಿದ್ದ ಚೀಟಿ. ಅದರಲ್ಲಿ 12.71 ಅಂತಿತ್ತು.

ಮೊದಲು ಬೀಪ್ ನೋಡಿದೆವು. ಎರಡು ಮೊನೆಯನ್ನು ಟಕ್ ಟಕ್ ಅಂತ ಬೇಗ ಬೇಗ ತಾಗಿಸಿದರೆ ಪ್ರತಿ ತಟ್ಟಿಗೂ ಶಬ್ದ ಬರಬೇಕು. ಒಂದು ಮೀಟರ್ ಅರ್ಧ ಸೆಕೆಂಡ್ ಯೋಚನೆ ಮಾಡಿ ಕೂಗುತ್ತಿತ್ತು. ವೈರ್ ಅಲ್ಲಾಡಿಸುತ್ತಾ ಒಳಗಿನ ಬಿರುಕು ಹುಡುಕುವಾಗ ಅಂಥದ್ದು ಕೈಕೊಡುತ್ತೆ. ಅದನ್ನು ಬದಿಗಿಟ್ಟೆವು.

ಆಮೇಲೆ ಓಮ್‌ನಲ್ಲಿ ಇಟ್ಟು ಎರಡು ಮೊನೆ ಒತ್ತಿ ಹಿಡಿದು, ಲೀಡಿನ ಬುಡವನ್ನು ಬಗ್ಗಿಸಿ ನೋಡಿದೆವು. 0.2 ಓಮ್ ತೋರಿಸಿ ಅಲ್ಲೇ ನಿಂತರೆ ಲೀಡ್ ಸರಿ. ಬಗ್ಗಿಸಿದಾಗ 0.2ರಿಂದ 3ಕ್ಕೆ ಹಾರಿ ವಾಪಸ್ ಬಂದದ್ದೂ ಒಂದಿತ್ತು, ಡಬ್ಬಿಯಿಂದ ಆಗಷ್ಟೇ ತೆಗೆದ ಹೊಚ್ಚ ಹೊಸ ಮೀಟರ್!

ಮೂರನೇ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬೈಕ್ ಬ್ಯಾಟರಿಗೆ ಹಿಡಿಯಬೇಕು. ಬ್ಯಾಟರಿಯಲ್ಲಿ ಎಸಿ ಇಲ್ಲ, ಸೊನ್ನೆ ಬರಬೇಕು. ಹಳದಿ ಮೀಟರ್ ಹಿಡಿದಾಗ 27 ಚಿಲ್ಲರೆ ಬಂತು! ವೈರ್ ಅದಲು ಬದಲು ಮಾಡಿದರೆ ಸೊನ್ನೆ. ಮಾಲೀಕರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಆ ಮೀಟರ್ ಒಂದೇ ಡಯೋಡಿನಿಂದ ಎಸಿಯನ್ನು ಅಳೆಯುತ್ತೆ, ಡಿಸಿಯನ್ನು ತಡೆಯುವ ಕೆಪಾಸಿಟರ್ ಅದರಲ್ಲಿಲ್ಲ. ಇದರಿಂದ ಗಾಡಿ ಕೆಲಸಕ್ಕೆ ಏನು ತೊಂದರೆ ಅಂದರೆ, ಆಲ್ಟರ್ನೇಟರಿನ ಡಯೋಡ್ ಹೋಗಿದೆಯಾ ಅಂತ ನೋಡುವ ಸುಲಭದ ದಾರಿ, ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಷ್ಟು ಎಸಿ ಸೇರಿಕೊಂಡಿದೆ ಅಂತ ಅಳೆಯುವುದು. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಮೇಲೆ ಅನುಮಾನ. ಡಿಸಿಯನ್ನೇ ಎಸಿ ಅಂತ ಓದುವ ಮೀಟರ್‌ನಿಂದ ಈ ಕೆಲಸ ಆಗುವುದೇ ಇಲ್ಲ. ನಾವು ಆರಿಸಿಟ್ಟಿದ್ದ ಎರಡು ಹೊಸ ಮೀಟರ್‌ಗಳೂ ಸೊನ್ನೆ ತೋರಿಸಿ ಪಾಸಾದವು.

ಡಿಸಿ ಓದಿದಾಗ ಒಂದು 12.70, ಇನ್ನೊಂದು 12.73. ಎರಡೂ ಒಪ್ಪುವಂಥವೇ. ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಲು ಒಪ್ಪಿದರು. ಎಲ್ಲರೂ ಒಪ್ಪುವುದಿಲ್ಲ, ಅವರ ದೊಡ್ಡತನ. 12.73 ತೋರಿಸಿದ್ದರಲ್ಲಿ ಎರಡು ಸೆರಾಮಿಕ್ ಫ್ಯೂಸ್. 12.70 ತೋರಿಸಿದ್ದರಲ್ಲಿ 10 ಆಂಪ್ ಕಡೆಗೂ ಸಣ್ಣ ಗಾಜಿನ ಫ್ಯೂಸ್. ನಮ್ಮ ಆಯ್ಕೆ 12.73ರದ್ದು. ಚೀಟಿಯ 12.71ಕ್ಕೂ ಅದಕ್ಕೂ ಇರುವ 0.02 ವೋಲ್ಟಿನ ವ್ಯತ್ಯಾಸದಿಂದ ಯಾವ ತೀರ್ಮಾನವೂ ಬದಲಾಗುವುದಿಲ್ಲ. ಫ್ಯೂಸಿನ ವ್ಯತ್ಯಾಸದಿಂದ ಕೈ ಉಳಿಯುತ್ತೆ.

ಮಾಡೆಲ್ ಹೆಸರು ಬರೆಯದೆ ಬಿಟ್ಟಿದ್ದಕ್ಕೆ ಕಾರಣ ಇದೆ. ಒಂದೇ ಮಾಡೆಲ್ ನಂಬರಿನಲ್ಲಿ ಒಂದು ದೇಶಕ್ಕೆ ಒಂದು ಫ್ಯೂಸ್, ಇನ್ನೊಂದು ದೇಶಕ್ಕೆ ಇನ್ನೊಂದು ಫ್ಯೂಸ್ ಹಾಕಿ ಬರುವುದುಂಟು. ಹೆಸರಿಗಿಂತ ಮುಚ್ಚಳದ ಒಳಗೆ ಏನಿದೆ ಅನ್ನುವುದು ಮುಖ್ಯ.

ಮೀಟರ್ ಎರಡೂವರೆ ಸಾವಿರದ ಒಳಗೆ ಬಂತು. ಉಳಿದ ದುಡ್ಡಿಗೆ ಸಿಲಿಕಾನ್ ಲೀಡ್, ಒಂದು ಜೊತೆ ಕ್ರೊಕಡೈಲ್ ಕ್ಲಿಪ್, ಕನೆಕ್ಟರ್ ಹಿಂಬದಿಯಿಂದ ತೂರಿಸುವ ತೆಳ್ಳನೆ ಪಿನ್ನುಗಳನ್ನು ಕೊಂಡೆವು. ಮೀಟರ್ ಜೊತೆ ಬರುವ ಪ್ಲಾಸ್ಟಿಕ್ ಲೀಡ್ ಸೈಲೆನ್ಸರ್‌ಗೆ ತಾಗಿದರೆ ಕರಗುತ್ತೆ, ಸಿಲಿಕಾನ್ ತಡೆಯುತ್ತೆ. ಪಿನ್ನು ಇಲ್ಲದಿದ್ದರೆ ಹುಡುಗರು ವೈರಿನ ಮೈಗೇ ಚುಚ್ಚುತ್ತಾರೆ. ಆ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲದ ಹೊತ್ತಿಗೆ ತಾಮ್ರ ಹಸಿರಾಗಿರುತ್ತೆ.

ಮೀಟರ್ ಬಂದ ಮೇಲೆ

ಮೊದಲ ದೊಡ್ಡ ಕೇಸು ಒಂದು ಲಾರಿ. ಸೆಲ್ಫ್ ನಿಧಾನ ತಿರುಗುತ್ತಿತ್ತು. ಬೇರೆ ಕಡೆ ಬ್ಯಾಟರಿ ಬದಲಾಯಿಸಿಕೊಂಡು ಬಂದಿದ್ದರು. ಎರಡೂ ಬ್ಯಾಟರಿ ಸೇರಿ 25.1 ವೋಲ್ಟ್, ಚೆನ್ನಾಗಿಯೇ ಇತ್ತು. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಡೀಸೆಲ್ ಸೊಲೆನಾಯ್ಡ್ ವೈರ್ ಕಿತ್ತು, ಹುಡುಗ ಒಬ್ಬನೇ ಮಿನ್/ಮ್ಯಾಕ್ಸ್ ಹಾಕಿ ಸೆಲ್ಫ್ ಹೊಡೆದ. ಬ್ಯಾಟರಿ ತುದಿಯಲ್ಲಿ 21.8ಕ್ಕೆ ಇಳಿಯಿತು. ಸೆಲ್ಫ್ ಮೋಟರಿನ ಮೇಲೆ 19.4 ಮಾತ್ರ. ದಾರಿಯಲ್ಲಿ 2.4 ವೋಲ್ಟ್ ಮಾಯ. ಪ್ಲಸ್ ಕೇಬಲ್‌ನ ಎರಡು ತುದಿಗೆ ಇಟ್ಟ, 0.3. ಬ್ಯಾಟರಿ ಮೈನಸ್‌ನಿಂದ ಸೆಲ್ಫ್ ಬಾಡಿಗೆ ಇಟ್ಟ, 2.1. ಚಾಸಿಗೆ ಬೋಲ್ಟ್ ಹಾಕಿದ್ದ ಅರ್ಥ್ ಪಟ್ಟಿಯ ಲಗ್ (ತುದಿಯ ಲೋಹದ ಬಳೆ) ಬಿಚ್ಚಿದರೆ ಕೆಳಗೆ ಬಣ್ಣ, ತುಕ್ಕು, ಮಣ್ಣು. ಉಜ್ಜಿ, ಹೊಸ ಲಗ್ ಒತ್ತಿ ಹಾಕಿದ ಮೇಲೆ 0.15ಕ್ಕೆ ಬಂತು. ಸೆಲ್ಫ್ ಒಂದೇ ಏಟಿಗೆ ಎಳೆಯಿತು. ನಿಜ ಹೇಳಬೇಕೆಂದರೆ ಹಳದಿ ಮೀಟರ್ ಕೂಡ ಹೊಸ ಬ್ಯಾಟರಿ ಇದ್ದರೆ ಆ 2.1 ವೋಲ್ಟನ್ನು ತೋರಿಸುತ್ತಿತ್ತು. ರಾತ್ರಿ ಒಬ್ಬನೇ ಇದ್ದ ಹುಡುಗನಿಗೆ ನೆರವಾಗಿದ್ದು ಮಿನ್/ಮ್ಯಾಕ್ಸ್ ಬಟನ್ ಮತ್ತು ಕ್ಲಿಪ್ಪು.

ಎರಡನೆಯದು ಹೊಸ ಮೀಟರ್ ಇಲ್ಲದೆ ಆಗದ ಕೆಲಸ. ಒಂದು ಕಾರು, ಮೂರು ನಾಲ್ಕು ದಿನ ನಿಂತರೆ ಬ್ಯಾಟರಿ ಡೌನ್. ಇಂಥ ಕೇಸಿನಲ್ಲಿ ಬ್ಯಾಟರಿ ವೈರ್ ಬಿಚ್ಚಿ ನಡುವೆ ಆಂಪ್ ಮೀಟರ್ ಹಾಕುವುದು ಹಳೆಯ ಪದ್ಧತಿ. ಈಗಿನ ಕಾರುಗಳಲ್ಲಿ ವೈರ್ ಬಿಚ್ಚಿ ಹಾಕಿದರೆ ಎಲ್ಲಾ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೂ ಎಚ್ಚರ ಆಗುತ್ತವೆ. ಎಚ್ಚರ ಆದಾಗ ಕರೆಂಟ್ ಹಲವು ಆಂಪ್ ಏರುತ್ತೆ, ಮಿಲಿಆಂಪ್ ತೂತಿನಲ್ಲಿದ್ದರೆ ಫ್ಯೂಸ್ ಪಟ್ ಅನ್ನುತ್ತೆ. ಮರೆತು ಯಾರಾದರೂ ಸೆಲ್ಫ್ ಹೊಡೆದರೆ ದೊಡ್ಡ ಫ್ಯೂಸೂ ಹೋಗುತ್ತೆ. ಇನ್ನೊಂದು ದಾರಿ ಇದೆ. ಬಾನೆಟ್ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಟ್ಟು, ಅರ್ಧ ಗಂಟೆ ಕಾರನ್ನು ಮಲಗಲು ಬಿಡಬೇಕು. ಆಮೇಲೆ ಯಾವ ಫ್ಯೂಸನ್ನೂ ಕೀಳದೆ, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗೆ ಮೊನೆ ಇಟ್ಟು ಮಿಲಿವೋಲ್ಟ್ ನೋಡಬೇಕು. ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ಸಣ್ಣ ವೋಲ್ಟೇಜ್ ಸಿಗುತ್ತೆ.

ಬಹುತೇಕ ಫ್ಯೂಸ್‌ಗಳಲ್ಲಿ ಸೊನ್ನೆ. ಒಂದು 10 ಆಂಪ್ ಮಿನಿ ಫ್ಯೂಸಿನಲ್ಲಿ 2.3 ಮಿಲಿವೋಲ್ಟ್. ಆ ಅಳತೆಯ ಫ್ಯೂಸಿನ ರೆಸಿಸ್ಟೆನ್ಸ್ 7ರಿಂದ 8 ಮಿಲಿಓಮ್. ಅಂದರೆ ಸುಮಾರು 0.3 ಆಂಪ್ ಹರಿಯುತ್ತಿದೆ. ನಿಂತ ಕಾರಿನಲ್ಲಿ ಒಟ್ಟು 0.05 ಆಂಪ್ ಒಳಗೆ ಇರಬೇಕು. 0.3 ಆಂಪ್ ಅಂದರೆ ದಿನಕ್ಕೆ 7 ಆಂಪ್ ಅವರ್, 35 ಆಂಪ್ ಅವರ್ ಬ್ಯಾಟರಿ ಐದು ದಿನಕ್ಕೆ ಖಾಲಿ. ಗಿರಾಕಿ ಹೇಳಿದ್ದಕ್ಕೂ ಲೆಕ್ಕಕ್ಕೂ ತಾಳೆ ಆಯಿತು. ಆ ಫ್ಯೂಸಿನಿಂದ ಹೊರಟ ವೈರ್ ಹಿಡಿದು ಹೋದರೆ ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮಿನ ಆಂಪ್ಲಿಫೈಯರ್. ಅದನ್ನು ಆನ್ ಮಾಡುವ ರಿಮೋಟ್ ವೈರನ್ನು ಕೀ ಆಫ್ ಆದರೂ ಕರೆಂಟ್ ಇರುವ ಜಾಗಕ್ಕೆ ಕಟ್ಟಿದ್ದರು. ಹಳದಿ ಮೀಟರ್ ಕೂಡ 0.1 ಮಿಲಿವೋಲ್ಟ್‌ವರೆಗೆ ತೋರಿಸುತ್ತೆ, ಆದರೆ ಕೊನೆಯ ಅಂಕಿ ಕುಣಿಯುತ್ತಲೇ ಇರುತ್ತೆ. 50 ಮಿಲಿಆಂಪಿನ ಸೋರಿಕೆ ಇದೇ ಫ್ಯೂಸಿನಲ್ಲಿ 0.4 ಮಿಲಿವೋಲ್ಟ್ ಕೂಡ ಆಗದು. 0.01 ಮಿಲಿವೋಲ್ಟ್ ತೋರಿಸುವ ಮೀಟರ್ ಆದ್ದರಿಂದ ಉಳಿದ ಫ್ಯೂಸ್‌ಗಳು ನಿಜವಾಗಿ ಸೊನ್ನೆ ಅಂತ ಧೈರ್ಯವಾಗಿ ಹೇಳಲು ಆಯಿತು.

ಆಟೋ ಪವರ್ ಆಫ್ ಒಂದು ಕಿರಿಕಿರಿ. ಅರ್ಧ ಗಂಟೆ ಕಾಯುವ ಕೆಲಸದಲ್ಲಿ ಮೀಟರ್ ತಾನೇ ಮಲಗಿಬಿಡುತ್ತೆ. ಈ ಮೀಟರ್‌ನಲ್ಲಿ ಒಂದು ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಅದು ನಿಲ್ಲುತ್ತೆ, ಪುಸ್ತಕ ಓದಿ ಹುಡುಗ ಕಂಡುಕೊಂಡ. ಕೊಳ್ಳುವಾಗಲೇ ಇದನ್ನೂ ಕೇಳಿಕೊಳ್ಳಬಹುದು.

ಎಲೆಕ್ಟ್ರಿಕ್ ಕಾರಿನ ಕೆಲಸ ಬಂದರೆ ಏನು ಮಾಡುವುದು ಅಂತ ಮಾಲೀಕರು ಕೇಳಿದರು. 48 ವೋಲ್ಟ್ ಆಟೋವರೆಗೆ ಈ ಮೀಟರ್ ಸಾಕು. ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 300 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತೆ. ಅದಕ್ಕೆ ಮೀಟರ್ ಒಂದೇ ಬೇರೆ ಬೇಕಾದ್ದಲ್ಲ, ಗ್ಲೌಸ್, ತರಬೇತಿ, ಕರೆಂಟ್ ಕಡಿದು ಲಾಕ್ ಮಾಡುವ ಕ್ರಮ ಎಲ್ಲವೂ ಬೇಕು. ಸದ್ಯಕ್ಕೆ ಆ ಗಾಡಿಗಳನ್ನು ಕಂಪನಿ ಸರ್ವೀಸ್‌ಗೆ ಕಳಿಸಿ ಅಂದೆ. ಅವರು ಒಪ್ಪಿದರು.

ಈಗ ಅಂಗಡಿಯಲ್ಲಿ ಮುಂದಿನ ಮಾತು ಡಿಸಿ ಕ್ಲ್ಯಾಂಪ್ ಮೀಟರಿನದು. ಯೂನಿ-ಟಿ ಯುಟಿ210ಇ ಅಂತ ಒಂದಿದೆ, 2 ಆಂಪ್ ರೇಂಜಿನಲ್ಲಿ 1 ಮಿಲಿಆಂಪ್‌ವರೆಗೆ ತೋರಿಸುತ್ತೆ. ವೈರ್ ಬಿಚ್ಚದೆ ಬ್ಯಾಟರಿ ಕೇಬಲ್‌ಗೆ ಬಾಯಿ ಹಾಕಿದರೆ ಸೋರಿಕೆ ಒಟ್ಟು ಎಷ್ಟು ಅಂತ ಸಿಕ್ಕಿಬಿಡುತ್ತೆ, ಫ್ಯೂಸ್ ಫ್ಯೂಸ್ ನೋಡುವ ಮುಂಚೆ ಕೇಸು ಇದೆಯೋ ಇಲ್ಲವೋ ಅಂತ ತಿಳಿಯುತ್ತೆ. 100 ಆಂಪ್ ಮೇಲೆ ಅದು ಅಳೆಯುವುದಿಲ್ಲ, ಹಾಗಾಗಿ ಸೆಲ್ಫ್ ಕರೆಂಟ್‌ಗೆ ಆಗದು. ಇಟ್ಟ ದಿಕ್ಕು ಬದಲಾದರೆ ಸೊನ್ನೆಯೂ ಸ್ವಲ್ಪ ಸರಿಯುತ್ತೆ, ಪ್ರತಿ ಸಲ ಜೀರೋ ಒತ್ತಿ ಶುರು ಮಾಡಬೇಕು. ಬ್ಯಾಟರಿ ಡೌನ್ ಕೇಸುಗಳನ್ನು ಹುಡುಗ ಬಿಲ್ ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾನೆ. ಆ ಕೆಲಸ ಹೀಗೇ ಬರುತ್ತಿದ್ದರೆ ಮಾಲೀಕರು ಅದನ್ನೂ ತರುತ್ತಾರೆ.